ಮಿದುಳಿಗೆ ವಿಟಮಿನ್ ಸಿ ಹೋಗೋ ದಾರಿ ಯಾವ್ದು? ಡೋಸ್ ಏರಿಸಿದ್ರೂ ಅಲ್ಲಿ ಯಾಕೆ ಅಷ್ಟಾಗಿ ಏರಲ್ಲ?

"ವಿಟಮಿನ್ ಸಿ ಮಿದುಳಿಗೆ ಒಳ್ಳೇದು, ನೆನಪಿನ ಶಕ್ತಿ ಕಾಪಾಡತ್ತೆ" ಅಂತ ಒಂದು ಸುದ್ದಿ ಬರತ್ತೆ. ಅದನ್ನ ಶೇರ್ ಮಾಡಿ ಮುಗಿಸೋದ್ರೊಳಗೆ "ವಿಟಮಿನ್ ಸಿ ಬ್ಲಡ್ ಬ್ರೇನ್ ಬ್ಯಾರಿಯರ್ ದಾಟೋದೇ ಇಲ್ಲ" ಅಂತ ಇನ್ನೊಂದು. ಅದರ ಹಿಂದೆನೇ "ನಮ್ಮ ಸ್ಪೆಷಲ್ ವಿಟಮಿನ್ ಸಿ ಮಾತ್ರ ನೇರವಾಗಿ ಮಿದುಳಿಗೆ ತಲುಪತ್ತೆ" ಅನ್ನೋ ಜಾಹೀರಾತು. ಓದೋರಿಗೆ ತಲೆ ಕೆಡೋದು ಸಹಜ, ಯಾಕಂದ್ರೆ ಮೊದಲ ಎರಡು ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆ ಎರಡರ ನಡುವಿನ ಗೊಂದಲದಲ್ಲೇ ಮೂರನೇದು ವ್ಯಾಪಾರ ಮಾಡ್ಕೊಳತ್ತೆ.

ಎಲ್ರೂ ಕೇಳೋದು "ದಿನಕ್ಕೆ ಎಷ್ಟು ತಗೋಬೇಕು" ಅಂತ. ಆದ್ರೆ ಮಿದುಳಿನ ವಿಷ್ಯದಲ್ಲಿ ಅದಕ್ಕಿಂತ ಮೊದಲು ಕೇಳ್ಬೇಕಾದ್ದು ಒಳಗೆ ಹೋಗೋಕೆ ಬಾಗಿಲು ಎಲ್ಲಿದೆ, ಒಂದು ಸಲಕ್ಕೆ ಎಷ್ಟನ್ನ ಬಿಡತ್ತೆ ಅಂತ. ಅದು ಗೊತ್ತಾದ್ರೆ ಈ ಸುದ್ದಿಗಳಲ್ಲಿ ಬಹುಪಾಲು ತಾವಾಗೇ ಬಿಡಿಸ್ಕೊಳತ್ವೆ.

ಮೊದಲು ಅಂಕಿ ನೋಡೋಣ

ಸರಿಯಾಗಿ ಊಟ ಮಾಡೋ ಆರೋಗ್ಯವಂತರ ರಕ್ತದ ಪ್ಲಾಸ್ಮಾದಲ್ಲಿ ವಿಟಮಿನ್ ಸಿ ಲೀಟರಿಗೆ ಸುಮಾರು 50ರಿಂದ 60 ಮೈಕ್ರೋಮೋಲ್ ಇರತ್ತೆ. ಮಿದುಳು ಮತ್ತು ಬೆನ್ನುಹುರಿ ಸುತ್ತ ಇರೋ ಸಿಎಸ್‌ಎಫ್ ದ್ರವದಲ್ಲಿ ಅದು ಸುಮಾರು 200. ಇನ್ನು ನರಕೋಶದ ಒಳಗೇ ಹೋಗಿ ನೋಡಿದ್ರೆ ಸುಮಾರು 10,000 ಮೈಕ್ರೋಮೋಲ್, ಅಂದ್ರೆ 10 ಮಿಲಿಮೋಲ್. ನರಕೋಶಗಳ ಪಕ್ಕದಲ್ಲೇ ಇದ್ದು ಅವುಗಳ ಆರೈಕೆ ಮಾಡೋ ಅಸ್ಟ್ರೋಸೈಟ್ ಥರದ ಗ್ಲಿಯಾ ಕೋಶಗಳಲ್ಲಿ ಸುಮಾರು 1 ಮಿಲಿಮೋಲ್.

ಅಂದ್ರೆ ರಕ್ತದಿಂದ ಸಿಎಸ್‌ಎಫ್‌ಗೆ ಬರೋವಾಗ ನಾಲ್ಕು ಪಟ್ಟು, ಅಲ್ಲಿಂದ ನರಕೋಶದ ಒಳಗೆ ಹೋಗೋವಾಗ ಮತ್ತೆ 50 ಪಟ್ಟು, ಒಟ್ಟು ಸುಮಾರು 200 ಪಟ್ಟು ಏರಿಕೆ. ಯಾವ ವಸ್ತುವೂ ತಾನಾಗೇ ಕಡಿಮೆ ಇರೋ ಕಡೆಯಿಂದ ಜಾಸ್ತಿ ಇರೋ ಕಡೆ ಹರಿಯಲ್ಲ, ಹಾಗೆ ಹೋಗ್ಬೇಕು ಅಂದ್ರೆ ಯಾರೋ ಶಕ್ತಿ ಖರ್ಚು ಮಾಡಿ ತಳ್ತಾ ಇರ್ಬೇಕು. ಅದೂ ಒಂದು ಕಡೆ ಅಲ್ಲ, ಎರಡು ಕಡೆ. "ಮಿದುಳಿಗೆ ವಿಟಮಿನ್ ಸಿ ಹೋಗೋದೇ ಇಲ್ಲ" ಅನ್ನೋ ಮಾತು ಈ ಅಂಕಿಗಳ ಮುಂದೆ ನಿಲ್ಲಲ್ಲ, ದೇಹದಲ್ಲಿ ಇದನ್ನ ಅತಿ ಹೆಚ್ಚು ಕೂಡಿಟ್ಟಿರೋ ಅಂಗಗಳಲ್ಲಿ ಮಿದುಳೂ ಒಂದು.

ಹಾಗಾದ್ರೆ ಆ ಮಾತು ಬಂದಿದ್ದು ಎಲ್ಲಿಂದ?

ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟ್ಕೊಂಡಿರ್ತವೆ, ನಡುವೆ ಸಂದಿ ಇಲ್ಲ. ಇದೇ ಬ್ಲಡ್ ಬ್ರೇನ್ ಬ್ಯಾರಿಯರ್. ಕೊಬ್ಬಲ್ಲಿ ಕರಗೋ ಸಣ್ಣ ಅಣುಗಳು ಕೋಶದ ಪೊರೆಯನ್ನೇ ತೂರ್ಕೊಂಡು ಹೋಗ್ಬಹುದು. ವಿಟಮಿನ್ ಸಿ ಹಾಗಲ್ಲ, ಅದು ನೀರಲ್ಲಿ ಕರಗತ್ತೆ, ಜೊತೆಗೆ ರಕ್ತದಲ್ಲಿ ಅದು ಇರೋದು ಆಸ್ಕಾರ್ಬೇಟ್ ಅನ್ನೋ ಋಣ ವಿದ್ಯುದಂಶ ಇರೋ ರೂಪದಲ್ಲಿ. ಹೀಗಿದ್ದಾಗ ಕೊಬ್ಬಿನ ಪೊರೆ ದಾಟೋಕೆ ಆಗಲ್ಲ. ಅದನ್ನೇ ಗುರುತಿಸಿ ದಾಟಿಸೋ ಪ್ರೋಟೀನ್, ಅಂದ್ರೆ ಟ್ರಾನ್ಸ್‌ಪೋರ್ಟರ್, ಅಲ್ಲಿ ಇರ್ಬೇಕು.

ಆಸ್ಕಾರ್ಬೇಟ್‌ಗೆ ಅಂತಾನೇ ಇರೋ ಟ್ರಾನ್ಸ್‌ಪೋರ್ಟರ್‌ಗಳು ಎರಡು, ಎಸ್‌ವಿಸಿಟಿ1 ಮತ್ತು ಎಸ್‌ವಿಸಿಟಿ2, ಎರಡರ ಗುರುತೂ ಸಿಕ್ಕಿದ್ದು 1999ರಲ್ಲಿ. ಮೊದಲನೇದರ ಕೆಲಸ ಮುಖ್ಯವಾಗಿ ಕರುಳು ಮತ್ತು ಕಿಡ್ನಿಯಲ್ಲಿ, ಊಟದಿಂದ ಹೀರ್ಕೊಳೋದು, ಮೂತ್ರಕ್ಕೆ ಹೋಗ್ತಾ ಇರೋದನ್ನ ವಾಪಸ್ ಎಳ್ಕೊಳೋದು. ಎರಡನೇದು ಮಿದುಳು ಸೇರಿ ಬೇರೆ ಬೇರೆ ಅಂಗಗಳಲ್ಲಿ ಇದೆ. ಆದ್ರೆ ಮಿದುಳಿನ ರಕ್ತನಾಳದ ಗೋಡೆಯ ಕೋಶಗಳಲ್ಲಿ, ಯಾವುದನ್ನ ನಾವು ಬ್ಯಾರಿಯರ್ ಅಂತೀವೋ ಅಲ್ಲಿ, ಸಾಮಾನ್ಯ ಸ್ಥಿತಿಯಲ್ಲಿ ಎಸ್‌ವಿಸಿಟಿ2 ಕಾಣಿಸಲ್ಲ. ಹಾಗಾಗಿ "ಆಸ್ಕಾರ್ಬೇಟ್ ಬ್ಲಡ್ ಬ್ರೇನ್ ಬ್ಯಾರಿಯರ್ ದಾಟಲ್ಲ" ಅನ್ನೋದು ನಿಜ. ಇದನ್ನ "ಮಿದುಳಿಗೆ ಹೋಗಲ್ಲ" ಅಂತ ಮಾಡ್ಕೊಂಡಿದ್ದು ತಪ್ಪು, ಯಾಕಂದ್ರೆ ಮಿದುಳಿಗೆ ಇರೋದು ಇದೊಂದೇ ಗಡಿ ಅಲ್ಲ.

ಸಿಎಸ್‌ಎಫ್ ಕಡೆಯಿಂದ ಬರೋ ದಾರಿ

ಮಿದುಳಿನ ಒಳಗಿನ ಕುಹರಗಳಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಅಂತ ಒಂದು ಅಂಗಾಂಶ ಇದೆ, ರಕ್ತದಿಂದ ಸಿಎಸ್‌ಎಫ್ ತಯಾರಾಗೋದು ಹೆಚ್ಚಾಗಿ ಅಲ್ಲೇ. ಅಲ್ಲಿನ ಕೋಶಗಳು ರಕ್ತದಿಂದ ವಿಟಮಿನ್ ಸಿ ಎಳ್ಕೊಂಡು ಸಿಎಸ್‌ಎಫ್‌ಗೆ ಬಿಡ್ತವೆ ಅಂತ ಸಂಶೋಧಕ ರೆನಾಲ್ಡ್ ಸ್ಪೆಕ್ಟರ್ 1970ರ ದಶಕದಲ್ಲೇ ತೋರಿಸಿದ್ರು, ಆಗ ಟ್ರಾನ್ಸ್‌ಪೋರ್ಟರ್‌ನ ಹೆಸರೂ ಇರ್ಲಿಲ್ಲ. ಈಗ ಗೊತ್ತು, ರಕ್ತದ ಕಡೆ ಮುಖ ಮಾಡಿರೋ ಪೊರೆಯಲ್ಲಿ ಎಸ್‌ವಿಸಿಟಿ2 ಇದೆ. ಅದು ಎರಡು ಸೋಡಿಯಂ ಅಯಾನ್ ಜೊತೆ ಒಂದು ಆಸ್ಕಾರ್ಬೇಟ್ ಅಣುವನ್ನ ಒಳಗೆ ತರತ್ತೆ. ಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಮ್ಮಿ, ಹಾಗಾಗಿ ಸೋಡಿಯಂ ಒಳಗೆ ನುಗ್ಗೋ ರಭಸದಲ್ಲೇ ವಿಟಮಿನ್ ಸಿ ಕೂಡ ಬರತ್ತೆ. ಹೀಗೆ ಬಂದ ಸೋಡಿಯಂನ ಮತ್ತೆ ಹೊರಗೆ ಹಾಕೋಕೆ ಕೋಶ ಎಟಿಪಿ (ಕೋಶದ ಶಕ್ತಿಯ ಇಂಧನ) ಖರ್ಚು ಮಾಡತ್ತೆ. ಮೇಲೆ ಹೇಳಿದ ಶಕ್ತಿ ಖರ್ಚು ಇದೇ.

ಕೋಶದ ಒಳಗೆ ಬಂದಿದ್ದು ಆ ಕಡೆಯಿಂದ ಸಿಎಸ್‌ಎಫ್‌ಗೆ ಹೊರಗೆ ಹೋಗೋದು ಹೇಗೆ ಅನ್ನೋದು ಬಹಳ ಕಾಲ ಸಂಶೋಧಕರಿಗೇ ಒಗಟಾಗಿತ್ತು. 2022ರಲ್ಲಿ ಜಪಾನಿನ ಸಂಶೋಧಕರು ಗ್ಲುಟ್12 ಅನ್ನೋ ಪ್ರೋಟೀನ್ ಈ ಹೊರಹಾಕೋ ಕೆಲಸ ಮಾಡತ್ತೆ ಅಂತ ಇಲಿಗಳಲ್ಲಿ ತೋರಿಸಿದ್ರು, ಆ ಜೀನ್ ತೆಗೆದ ಇಲಿಗಳ ಮಿದುಳಲ್ಲಿ ವಿಟಮಿನ್ ಸಿ ಕಮ್ಮಿಯಾಗಿತ್ತು. ಸಕ್ಕರೆ ಸಾಗಿಸೋ ಪ್ರೋಟೀನ್‌ಗಳ ಕುಟುಂಬಕ್ಕೆ ಸೇರಿದ್ದು ವಿಟಮಿನ್ ಸಿ ಹೊರಗೆ ಬಿಡೋ ಕೆಲಸದಲ್ಲಿ ಸಿಕ್ಕಿದ್ದು ಸ್ವಲ್ಪ ಆಶ್ಚರ್ಯಾನೇ.

ಸಿಎಸ್‌ಎಫ್‌ಗೆ ಬಂದ ಆಸ್ಕಾರ್ಬೇಟ್ ಅಲ್ಲಿಂದ ಕೋಶಗಳ ನಡುವಿನ ದ್ರವಕ್ಕೆ ಹರಡತ್ತೆ, ನರಕೋಶಗಳು ತಮ್ಮದೇ ಎಸ್‌ವಿಸಿಟಿ2 ಇಂದ ಅದನ್ನ ಒಳಗೆ ಎಳ್ಕೊಳತ್ವೆ. ಎರಡನೇ ಹಂತದ ಆ 50 ಪಟ್ಟು ಏರಿಕೆ ಬರೋದು ಹೀಗೆ.

ಸಕ್ಕರೆಯ ದಾರಿ

ವಿಟಮಿನ್ ಸಿ ಆಕ್ಸಿಡೈಸ್ ಆದ್ರೆ, ಅಂದ್ರೆ ಎಲೆಕ್ಟ್ರಾನ್ ಕಳ್ಕೊಂಡ್ರೆ, ಡಿಹೈಡ್ರೋಆಸ್ಕಾರ್ಬಿಕ್ ಆಸಿಡ್ ಆಗತ್ತೆ, ಚಿಕ್ಕದಾಗಿ ಡಿಎಚ್‌ಎ. ಮೀನೆಣ್ಣೆಯ ಒಮೆಗಾ-3 ಡಬ್ಬದ ಮೇಲೆ ಇರೋ ಡಿಎಚ್‌ಎ ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ರೂಪಕ್ಕೆ ವಿದ್ಯುದಂಶ ಇಲ್ಲ, ಆಕಾರ ಗ್ಲೂಕೋಸ್‌ಗೆ ಹತ್ರ, ಹಾಗಾಗಿ ಗ್ಲೂಕೋಸ್ ಸಾಗಿಸೋ ಗ್ಲುಟ್1 ಇದನ್ನೂ ಸಾಗಿಸತ್ತೆ. ಮಿದುಳಿನ ರಕ್ತನಾಳದ ಗೋಡೆ ತುಂಬ ಗ್ಲುಟ್1 ಇದೆ, ಮಿದುಳಿಗೆ ಗ್ಲೂಕೋಸ್ ಬರೋದೇ ಅದರಿಂದ.

1997ರಲ್ಲಿ ಬಂದ ಒಂದು ಪ್ರಯೋಗ ಇದನ್ನ ನೇರವಾಗಿ ಪರೀಕ್ಷೆ ಮಾಡ್ತು. ವಿಕಿರಣದ ಗುರುತು ಹಾಕಿದ ಆಸ್ಕಾರ್ಬೇಟ್ ಮತ್ತು ಡಿಎಚ್‌ಎ ಎರಡನ್ನೂ ಇಲಿಗಳ ರಕ್ತಕ್ಕೆ ಬಿಟ್ಟು ನೋಡಿದಾಗ ಡಿಎಚ್‌ಎ ಬೇಗ ಬ್ಯಾರಿಯರ್ ದಾಟಿ ಮಿದುಳಿಗೆ ಹೋಗಿ, ಅಲ್ಲಿ ಮತ್ತೆ ಆಸ್ಕಾರ್ಬೇಟ್ ಆಗಿ ಉಳ್ಕೊಂಡಿತ್ತು, ಆಸ್ಕಾರ್ಬೇಟ್ ಆಗಿ ಬಿಟ್ಟಿದ್ದು ದಾಟಿರ್ಲಿಲ್ಲ. "ಮಿದುಳಿಗೆ ವಿಟಮಿನ್ ಸಿ ಹೋಗೋದು ಆಕ್ಸಿಡೈಸ್ ಆದ ರೂಪದಲ್ಲಿ ಮಾತ್ರ" ಅಂತ ಇವತ್ತಿಗೂ ಓಡಾಡೋ ಮಾತಿನ ಬೇರು ಇಂಥ ಪ್ರಯೋಗಗಳಲ್ಲಿ ಇದೆ.

ಯಾವುದು ಮುಖ್ಯ ದಾರಿ?

ಇಲ್ಲಿ ನಿಜವಾದ ವಾದ ಇದೆ. ಡಿಎಚ್‌ಎ ಪರ ಇರೋರು ಹೇಳೋದು ಗ್ಲುಟ್1 ಎಲ್ಲ ಕಡೆ ಇದೆ, ರಕ್ತನಾಳಗಳ ಒಟ್ಟು ಗೋಡೆ ಕೊರಾಯ್ಡ್ ಪ್ಲೆಕ್ಸಸ್‌ಗಿಂತ ಎಷ್ಟೋ ದೊಡ್ಡದು, ಪ್ರಯೋಗದಲ್ಲೂ ವೇಗವಾಗಿ ಹೋಯ್ತು ಅಂತ. ಇದಕ್ಕೆ ಎದುರು ಮಾತು ಏನಂದ್ರೆ, ಪ್ರಯೋಗದಲ್ಲಿ ನೀವೇ ಡಿಎಚ್‌ಎ ಸುರಿದ್ರಿ, ಆದ್ರೆ ಮಾಮೂಲಿ ರಕ್ತದಲ್ಲಿ ಅದು ಎಲ್ಲಿದೆ? ಆರೋಗ್ಯವಂತರ ಪ್ಲಾಸ್ಮಾದಲ್ಲಿ ಡಿಎಚ್‌ಎ ಬರೀ ಒಂದೆರಡು ಮೈಕ್ರೋಮೋಲ್, ಕೆಲವೊಮ್ಮೆ ಅಷ್ಟೂ ಇಲ್ಲ, ಅದೇ ಬಾಗಿಲಲ್ಲಿ ಅದಕ್ಕೆ ಪೈಪೋಟಿ ಕೊಡೋ ಗ್ಲೂಕೋಸ್ ಸುಮಾರು 5,000 ಮೈಕ್ರೋಮೋಲ್. ಜೊತೆಗೆ ದೇಹದ ತಾಪಮಾನದಲ್ಲಿ ಡಿಎಚ್‌ಎ ನಿಮಿಷಗಳಲ್ಲಿ ಒಡೆದು ಹಾಳಾಗತ್ತೆ, ಒಡೆದ ಮೇಲೆ ಮತ್ತೆ ವಿಟಮಿನ್ ಸಿ ಆಗಲ್ಲ. ಇಷ್ಟು ಕಮ್ಮಿ ಇರೋ, ಇಷ್ಟು ಬೇಗ ಹಾಳಾಗೋ ವಸ್ತು ಮಿದುಳಿನ ದಾಸ್ತಾನು ತುಂಬತ್ತೆ ಅಂತ ನಂಬೋದು ಕಷ್ಟ.

2002ರಲ್ಲಿ ಎಸ್‌ವಿಸಿಟಿ2 ಜೀನ್ ಇಲ್ಲದ ಇಲಿಗಳ ಬಗ್ಗೆ ಬಂದ ವರದಿ ತಕ್ಕಡಿನ ಜೋರಾಗಿ ಒಂದು ಕಡೆ ವಾಲಿಸ್ತು. ಆ ಮರಿಗಳ ಮಿದುಳಲ್ಲಿ ವಿಟಮಿನ್ ಸಿ ಹೆಚ್ಚುಕಡಿಮೆ ಇರ್ಲೇ ಇಲ್ಲ, ಶ್ವಾಸಕೋಶ ಸರಿಯಾಗಿ ತೆರ್ಕೊಳ್ದೆ, ಮಿದುಳಲ್ಲಿ ರಕ್ತಸ್ರಾವ ಆಗಿ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಸತ್ತುಹೋದ್ವು. ಅವುಗಳಲ್ಲಿ ಗ್ಲುಟ್1 ಚೆನ್ನಾಗೇ ಇತ್ತು. ಸಕ್ಕರೆಯ ದಾರಿ ಒಂದೇ ಸಾಕಾಗಿದ್ರೆ ಮಿದುಳು ಖಾಲಿ ಇರ್ಬಾರ್ದಿತ್ತು.

ಆದ್ರೂ ಇದರಿಂದ ಡಿಎಚ್‌ಎ ದಾರಿ ಸುಳ್ಳು ಅಂತ ಆಗಲ್ಲ, ಯಾಕಂದ್ರೆ ಈ ಇಲಿಗಳಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಅಷ್ಟೇ ಅಲ್ಲ, ನರಕೋಶದ ಎಸ್‌ವಿಸಿಟಿ2 ಕೂಡ ಇರ್ಲಿಲ್ಲ, ಬಂದಿದ್ದನ್ನ ಹಿಡಿದಿಟ್ಕೊಳೋಕೇ ಆಗಿರ್ಲಿಕ್ಕಿಲ್ಲ. ನನಗೆ ಹೆಚ್ಚು ಒಪ್ಪಿಗೆ ಆಗೋದು ಇದು: ಮಾಮೂಲಿ ದಿನಗಳಲ್ಲಿ ಮುಖ್ಯ ದಾರಿ ಎಸ್‌ವಿಸಿಟಿ2, ಸಕ್ಕರೆಯ ದಾರಿ ಜಾಸ್ತಿ ಲೆಕ್ಕಕ್ಕೆ ಬರೋದು ಆಕ್ಸಿಡೇಶನ್ ಹೆಚ್ಚಾದಾಗ, ಉರಿಯೂತದಲ್ಲಿ, ಗಾಯದಲ್ಲಿ, ರಕ್ತಸಂಚಾರ ನಿಂತು ಮತ್ತೆ ಶುರುವಾದಾಗ, ಮತ್ತು ಮಿದುಳಿನ ಒಳಗಿನ ರೀಸೈಕ್ಲಿಂಗ್‌ನಲ್ಲಿ.

ಇಲಿಯ ಪ್ರಯೋಗ ಓದೋವಾಗ ಇನ್ನೊಂದು ವಿಷ್ಯ ನೆನಪಲ್ಲಿ ಇರ್ಬೇಕು. ಇಲಿ ತನ್ನ ಲಿವರ್‌ನಲ್ಲೇ ವಿಟಮಿನ್ ಸಿ ಮಾಡ್ಕೊಳತ್ತೆ, ಮನುಷ್ಯರಿಗೆ ಅದನ್ನ ಮಾಡೋಕೆ ಬೇಕಾದ ಎನ್ಜೈಮ್‌ನ ಜೀನ್ ಕೆಟ್ಟುಹೋಗಿದೆ, ಗಿನಿಪಿಗ್‌ಗೂ ಅಷ್ಟೇ. 2008ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಸ್ವಂತ ವಿಟಮಿನ್ ಸಿ ಮಾಡೋಕಾಗದ ಪ್ರಾಣಿಗಳ ಕೆಂಪು ರಕ್ತಕಣಗಳಲ್ಲಿ ಗ್ಲುಟ್1 ತುಂಬ ಇದ್ದು ಅವು ಡಿಎಚ್‌ಎ ಹೀರ್ಕೊಂಡು ರಿಪೇರಿ ಮಾಡ್ತವೆ, ಇಲಿಯ ರಕ್ತಕಣ ಹಾಗೆ ಮಾಡಲ್ಲ. ಅಂದ್ರೆ ನಮ್ಮ ರಕ್ತದಲ್ಲಿ ಹುಟ್ಟೋ ಚೂರು ಡಿಎಚ್‌ಎಯನ್ನೂ ಮಿದುಳಿಗಿಂತ ಮೊದಲು ರಕ್ತಕಣಗಳೇ ಎತ್ಕೊಂಡುಬಿಡೋ ಸಾಧ್ಯತೆ ಜಾಸ್ತಿ.

ನರಕೋಶ ಖರ್ಚು ಮಾಡತ್ತೆ, ಪಕ್ಕದ ಕೋಶ ರಿಪೇರಿ ಮಾಡತ್ತೆ

ನರಕೋಶಕ್ಕೆ ಇಷ್ಟೊಂದು ವಿಟಮಿನ್ ಸಿ ಯಾಕೆ ಬೇಕು? ಅದು ಆಕ್ಸಿಜನ್‌ನ ಹೊಟ್ಟೆಬಾಕ, ಹಾಗಾಗಿ ಒಳಗೆ ಫ್ರೀ ರಾಡಿಕಲ್‌ಗಳೂ ಜಾಸ್ತಿ, ಅವುಗಳನ್ನ ತಣ್ಣಗೆ ಮಾಡೋಕೆ ಬೇಕು. ಡೋಪಮಿನ್‌ನಿಂದ ನಾರ್‌ಅಡ್ರಿನಲಿನ್ ಮಾಡೋ ಎನ್ಜೈಮ್ ಇದಿಲ್ದೆ ಕೆಲಸ ಮಾಡಲ್ಲ. ಕೆಲಸ ಮುಗಿಸಿದ ವಿಟಮಿನ್ ಆಕ್ಸಿಡೈಸ್ ಆಗಿ ಡಿಎಚ್‌ಎ ಆಗತ್ತೆ, ನಿಮಿಷಗಳಲ್ಲಿ ರಿಪೇರಿ ಆಗ್ದಿದ್ರೆ ಪೂರ್ತಿ ನಷ್ಟ.

ಅಸ್ಟ್ರೋಸೈಟ್‌ಗಳ ಪಾತ್ರ ಇಲ್ಲಿ ಬರತ್ತೆ. ಈಗ ಹೆಚ್ಚು ಚಾಲ್ತಿಯಲ್ಲಿರೋ ಮಾದರಿ ಪ್ರಕಾರ ನರಕೋಶದಿಂದ ಹೊರಬಂದ ಡಿಎಚ್‌ಎಯನ್ನ ಅಸ್ಟ್ರೋಸೈಟ್ ತನ್ನ ಗ್ಲುಟ್1 ಇಂದ ಒಳಗೆ ತಗೊಂಡು ಗ್ಲುಟಾಥಯೋನ್ ಅನ್ನೋ ಆಂಟಿಆಕ್ಸಿಡೆಂಟ್ ಬಳಸಿ ಮತ್ತೆ ಆಸ್ಕಾರ್ಬೇಟ್ ಮಾಡಿ ಹೊರಗೆ ಬಿಡತ್ತೆ, ನರಕೋಶ ಅದನ್ನ ಎಸ್‌ವಿಸಿಟಿ2 ಇಂದ ವಾಪಸ್ ಎಳ್ಕೊಳತ್ತೆ. ನರಕೋಶಗಳ ನಡುವೆ ಗ್ಲುಟಮೇಟ್ ಅನ್ನೋ ರಾಸಾಯನಿಕದ ಮೂಲಕ ಸಂದೇಶ ಓಡಾಡೋವಾಗ, ಆ ಗ್ಲುಟಮೇಟ್ ಕೋಶದೊಳಗೆ ವಾಪಸ್ ಹೋಗೋದಕ್ಕೂ ಆಸ್ಕಾರ್ಬೇಟ್ ಹೊರಗೆ ಬರೋದಕ್ಕೂ ನಂಟಿದೆ, ಅಂದ್ರೆ ಮಿದುಳು ಚುರುಕಾಗಿ ಕೆಲಸ ಮಾಡೋ ಜಾಗದಲ್ಲೇ ವಿಟಮಿನ್ ಸಿ ಹೊರಗಿನ ದ್ರವಕ್ಕೂ ಬರತ್ತೆ.

ಒಂದು ಎಚ್ಚರಿಕೆ. ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಸಿದ ಅಸ್ಟ್ರೋಸೈಟ್‌ಗಳಲ್ಲಿ ಎಸ್‌ವಿಸಿಟಿ2 ಕಾಣತ್ತೆ, ಆದ್ರೆ ಆರೋಗ್ಯವಾಗಿರೋ ಇಲಿಯ ಮಿದುಳನ್ನೇ ಕತ್ತರಿಸಿ ನೋಡಿದ್ರೆ ಅಸ್ಟ್ರೋಸೈಟ್‌ಗಳಲ್ಲಿ ಅದು ಕಾಣೋದು ಅಪರೂಪ. ತಟ್ಟೆಯ ಕೋಶ ನೋಡಿ "ಮಿದುಳಿನ ಎಲ್ಲಾ ಕೋಶಗಳೂ ವಿಟಮಿನ್ ಸಿ ನೇರವಾಗಿ ಹೀರತ್ವೆ" ಅಂತ ಹೆಡ್‌ಲೈನ್ ಹಾಕೋದು ಎಲ್ಲಿ ಎಡವತ್ತೆ ಅಂದ್ರೆ ಇಲ್ಲೇ.

ಡೋಸ್ ಏರಿಸಿದ್ರೆ ಏನಾಗತ್ತೆ

ಟ್ರಾನ್ಸ್‌ಪೋರ್ಟರ್‌ಗೆ ಒಂದು ಮಿತಿ ಇರತ್ತೆ, ಎಲ್ಲ ಬಾಗಿಲೂ ಬಿಜಿ ಆದ್ಮೇಲೆ ಹೊರಗೆ ಎಷ್ಟೇ ಜನ ನಿಂತ್ರೂ ಒಳಗೆ ಹೋಗೋ ವೇಗ ಏರಲ್ಲ. ಎಸ್‌ವಿಸಿಟಿ2 ಅರ್ಧ ವೇಗ ತಲುಪೋದು ಕೆಲವು ಹತ್ತು ಮೈಕ್ರೋಮೋಲ್‌ಗಳಲ್ಲೇ. ಲೆಕ್ಕಕ್ಕೆ ಅದನ್ನ 40 ಅಂತ ಇಟ್ಕೊಳ್ಳಿ. ರಕ್ತದಲ್ಲಿ 10 ಇದ್ರೆ ಪೂರ್ತಿ ವೇಗದ 20 ಶೇಕಡಾ, 40 ಇದ್ರೆ 50 ಶೇಕಡಾ, 80 ಇದ್ರೆ ಸುಮಾರು 67, 160 ಇದ್ರೆ 80. ಕೊರತೆ ಇರೋರಲ್ಲಿ 10ರಿಂದ 40ಕ್ಕೆ ಏರಿಸಿದ್ರೆ ಸಾಗಾಟ ಎರಡೂವರೆ ಪಟ್ಟು ಆಗತ್ತೆ, ಆಗ್ಲೇ 80 ಇರೋರಲ್ಲಿ ಅದನ್ನ ಡಬಲ್ ಮಾಡಿದ್ರೂ ಸಾಗಾಟ ಏರೋದು ಐದನೇ ಒಂದು ಪಾಲು ಮಾತ್ರ.

ಆ ಡಬಲ್ ಆದ್ರೂ ಮಾತ್ರೆಯಿಂದ ಆಗತ್ತಾ ಅಂದ್ರೆ ಅದೂ ಕಷ್ಟ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಏಳು ಜನ ಯುವಕರಿಗೆ ಬೇರೆ ಬೇರೆ ಡೋಸ್ ಕೊಟ್ಟು ಅಳೆದಾಗ, ದಿನಕ್ಕೆ 30ರಿಂದ 100 ಮಿಲಿಗ್ರಾಂ ನಡುವೆ ರಕ್ತದ ಮಟ್ಟ ಕಡಿದಾಗಿ ಏರ್ತು, 200 ದಾಟಿದ ಮೇಲೆ ಚಪ್ಪಟೆ ಆಗ್ತಾ ಬಂತು, 1,000 ಮಿಲಿಗ್ರಾಂ ಕೊಟ್ರೂ 80ರ ಆಸುಪಾಸಲ್ಲೇ ನಿಲ್ತು. ಕರುಳು ಕಮ್ಮಿ ಹೀರತ್ತೆ, ಕಿಡ್ನಿ ಉಳಿದದ್ದನ್ನ ಹೊರಗೆ ಹಾಕತ್ತೆ. ಹೀಗೆ ಕರುಳು, ಕಿಡ್ನಿ, ಕೊರಾಯ್ಡ್ ಪ್ಲೆಕ್ಸಸ್, ನರಕೋಶ, ನಾಲ್ಕು ಕಡೆ ನಾಲ್ಕು ಮಿತಿ. ಗ್ರಾಂಗಟ್ಟಲೆ ಮಾತ್ರೆ ನುಂಗಿ ಮಿದುಳಿನ ಮಟ್ಟ ಏರಿಸ್ತೀನಿ ಅನ್ನೋರು ಈ ನಾಲ್ಕನ್ನೂ ಮರೀತಾರೆ.

ಉಲ್ಟಾ ದಿಕ್ಕಲ್ಲಿ ಇದೇ ವ್ಯವಸ್ಥೆ ಮಿದುಳನ್ನ ಕಾಪಾಡತ್ತೆ. ಗಿನಿಪಿಗ್‌ಗಳಿಗೆ ವಿಟಮಿನ್ ಸಿ ನಿಲ್ಲಿಸಿದ್ರೆ ಬೇರೆ ಅಂಗಗಳು ಬೇಗ ಖಾಲಿ ಆಗ್ತವೆ, ಮಿದುಳು ಕೊನೆವರೆಗೂ ಹಿಡಿದಿಟ್ಕೊಳತ್ತೆ.

ಮನುಷ್ಯರ ಮೇಲಿನ ಟ್ರಯಲ್‌ಗಳು

ರಕ್ತದಲ್ಲಿ ವಿಟಮಿನ್ ಸಿ ಚೆನ್ನಾಗಿರೋರಲ್ಲಿ ನೆನಪು, ಗಮನ ಚೆನ್ನಾಗಿರತ್ತೆ ಅಂತ ತೋರಿಸೋ ಸಮೀಕ್ಷೆಗಳು ಸಾಕಷ್ಟಿವೆ. ಆದ್ರೆ ಹಣ್ಣು ತರಕಾರಿ ಜಾಸ್ತಿ ತಿನ್ನೋರು ಸಾಮಾನ್ಯವಾಗಿ ಸಿಗರೇಟ್ ಕಮ್ಮಿ ಸೇದ್ತಾರೆ, ಓಡಾಟ ಜಾಸ್ತಿ, ಆದಾಯನೂ ಜಾಸ್ತಿ. ಯಾವುದರಿಂದ ಯಾವುದು ಅಂತ ಬಿಡಿಸೋಕೆ ಚೀಟಿ ಎತ್ತಿ ಗುಂಪು ಮಾಡಿದ ಟ್ರಯಲ್ ಬೇಕು, ಅಂಥವು ನಡೆದಾಗ ಫಲಿತಾಂಶ ಸಪ್ಪೆ. ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇರೋ ಮಹಿಳೆಯರಿಗೆ ದಿನಾ 500 ಮಿಲಿಗ್ರಾಂ ಕೊಟ್ಟ ಟ್ರಯಲ್‌ನ 2009ರ ವರದಿಯಲ್ಲಿ ನೆನಪಿನ ಇಳಿಕೆ ಒಟ್ಟಾರೆ ನಿಧಾನ ಆಗ್ಲಿಲ್ಲ.

ಇನ್ನೂ ಮುಜುಗರದ್ದು 2012ರದ್ದು. ಆಲ್ಝೈಮರ್ಸ್ ಇರೋರಿಗೆ 16 ವಾರ ವಿಟಮಿನ್ ಸಿ, ಇ ಮತ್ತು ಲಿಪೋಯಿಕ್ ಆಸಿಡ್ ಒಟ್ಟಿಗೆ ಕೊಟ್ರು. ಸಿಎಸ್‌ಎಫ್‌ನಲ್ಲಿ ಆಕ್ಸಿಡೇಶನ್ ಹಾನಿಯ ಒಂದು ಗುರುತು ಕಮ್ಮಿ ಆಯ್ತು, ಆದ್ರೆ ಅದೇ ಗುಂಪಲ್ಲಿ ನೆನಪಿನ ಪರೀಕ್ಷೆಯ ಅಂಕ ಇನ್ನೂ ಬೇಗ ಇಳೀತು. ಮೂರೂ ಒಟ್ಟಿಗೆ ಕೊಟ್ಟಿದ್ರಿಂದ ಯಾವುದರ ಪರಿಣಾಮ ಅಂತ ಬೇರ್ಪಡಿಸೋಕಾಗಲ್ಲ, ಆದ್ರೆ "ಆಂಟಿಆಕ್ಸಿಡೆಂಟ್ ಜಾಸ್ತಿ ಆದ್ರೆ ಮಿದುಳು ಚೆನ್ನಾಗಿರತ್ತೆ" ಅನ್ನೋ ಸರಳ ಸೂತ್ರಕ್ಕೆ ಅಲ್ಲಿಗೆ ಪೆಟ್ಟು ಬಿತ್ತು.

ಇಂಜೆಕ್ಷನ್, ಲಿಪೋಸೋಮ್, ಸ್ಟ್ರೋಕ್

ರಕ್ತನಾಳಕ್ಕೆ ನೇರ ಕೊಟ್ರೆ ಕರುಳಿನ ಮಿತಿ ತಪ್ಪತ್ತೆ, ರಕ್ತದ ಮಟ್ಟ ಸಾವಿರಾರು ಮೈಕ್ರೋಮೋಲ್‌ಗೆ ಹೋಗತ್ತೆ. ಆದ್ರೂ ಮಿದುಳಿನ ಬಾಗಿಲು ಅವೇ ಹಳೇವು, ಜೊತೆಗೆ ಕಿಡ್ನಿ ಕೆಲವು ಗಂಟೆಗಳಲ್ಲಿ ಮಟ್ಟ ಇಳಿಸಿಬಿಡತ್ತೆ. ಇದು ಅಪಾಯವೇ ಇಲ್ಲದ್ದು ಅನ್ನೋ ನಂಬಿಕೆಯೂ ಸರಿ ಅಲ್ಲ, ಸೆಪ್ಸಿಸ್ (ಸೋಂಕಿಗೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸಿ ಅಂಗಗಳು ಕೆಡೋ ಸ್ಥಿತಿ) ರೋಗಿಗಳ ಮೇಲಿನ 2022ರ ಲೋವಿಟ್ ಟ್ರಯಲ್‌ನಲ್ಲಿ ಹೈ ಡೋಸ್ ಕೊಟ್ಟ ಗುಂಪಲ್ಲೇ ಸಾವು ಅಥವಾ ಅಂಗವೈಫಲ್ಯ ಜಾಸ್ತಿ ಇತ್ತು.

ಲಿಪೋಸೋಮಲ್ ಅಂತ ಮಾರೋದು ಕೊಬ್ಬಿನ ಸಣ್ಣ ಗುಳ್ಳೆಯಲ್ಲಿ ಸುತ್ತಿದ ವಿಟಮಿನ್ ಸಿ. ರಕ್ತದ ಮಟ್ಟ ಮಾಮೂಲಿ ಮಾತ್ರೆಗಿಂತ ಸ್ವಲ್ಪ ಜಾಸ್ತಿ ಏರ್ಬಹುದು, ಅಲ್ಲಿವರೆಗೆ ಸರಿ. ಆದ್ರೆ ಆ ಗುಳ್ಳೆ ಕರುಳು ದಾಟಿ, ರಕ್ತದಲ್ಲಿ ಒಡೆಯದೆ ಉಳಿದು, ಬ್ಯಾರಿಯರ್‌ನೂ ದಾಟಿ ನರಕೋಶಕ್ಕೆ ಹೋಗತ್ತೆ ಅನ್ನೋದು ದೊಡ್ಡ ಜಿಗಿತ. ಅದನ್ನ ಹೇಳ್ಬೇಕು ಅಂದ್ರೆ ಮನುಷ್ಯರ ಸಿಎಸ್‌ಎಫ್‌ನಲ್ಲಿ ಅಳೆದು ತೋರಿಸ್ಬೇಕು, ರಕ್ತದ ಗ್ರಾಫ್ ತೋರಿಸಿದ್ರೆ ಸಾಲದು.

ಸ್ಟ್ರೋಕ್ ವಿಷ್ಯ ಮಾತ್ರ ನಿಜಕ್ಕೂ ಕುತೂಹಲದ್ದು. 2001ರ ಒಂದು ಇಲಿ ಪ್ರಯೋಗದಲ್ಲಿ ಸ್ಟ್ರೋಕ್ ಉಂಟುಮಾಡಿ ಡಿಎಚ್‌ಎ ಕೊಟ್ಟಾಗ ಮಿದುಳಿನ ಹಾನಿ ಗಣನೀಯವಾಗಿ ಕಮ್ಮಿ ಆಯ್ತು, ಆಸ್ಕಾರ್ಬೇಟ್ ಕೊಟ್ಟಾಗ ಆಗ್ಲಿಲ್ಲ. ಎರಡು ದಾರಿಗಳ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಾಣೋ ಪ್ರಯೋಗ ಕಮ್ಮಿ. ಆದ್ರೆ ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಸ್ಟ್ರೋಕ್ ಔಷಧಿಗಳ ಪಟ್ಟಿ ತುಂಬ ಉದ್ದ ಇದೆ, ಬೇಗ ಹಾಳಾಗೋ ಈ ರೂಪವನ್ನ ಔಷಧಿ ಮಾಡಿ ಇಡೋದೂ ಸುಲಭ ಅಲ್ಲ.

ಇದರಿಂದ ಯಾರಿಗೆ ಏನು

ಪರಿಣಾಮ ಜಾಸ್ತಿ ಇರೋದು ಕೊರತೆಯ ಕಡೆ. ಪ್ಲಾಸ್ಮಾ ಮಟ್ಟ ಸುಮಾರು 11 ಮೈಕ್ರೋಮೋಲ್‌ಗಿಂತ ಕೆಳಗೆ ಇಳಿದ್ರೆ ಸ್ಕರ್ವಿ ಅನ್ನೋ ವಿಟಮಿನ್ ಸಿ ಕೊರತೆಯ ಕಾಯಿಲೆಯ ಅಪಾಯ ಅಂತ ಲೆಕ್ಕ, ಅದರ ಆರಂಭದ ಲಕ್ಷಣಗಳಲ್ಲಿ ಸುಸ್ತು, ಮಂಕು, ಕಿರಿಕಿರಿ ಎಲ್ಲ ಸೇರ್ಕೊಂಡಿದೆ. ಸಿಗರೇಟ್ ಸೇದೋರಲ್ಲಿ ಇದು ಬೇಗ ಖರ್ಚಾಗೋದ್ರಿಂದ ಅಮೆರಿಕದ ಶಿಫಾರಸು ಅವರಿಗೆ ದಿನಕ್ಕೆ 35 ಮಿಲಿಗ್ರಾಂ ಜಾಸ್ತಿ ಹೇಳತ್ತೆ, ಉಳಿದ ಗಂಡಸರಿಗೆ 90, ಹೆಂಗಸರಿಗೆ 75, ಮೇಲಿನ ಮಿತಿ 2,000. ವಯಸ್ಸಾಗಿ ಊಟ ಕಮ್ಮಿಯಾದೋರು, ಕುಡಿತ ಜಾಸ್ತಿ ಇರೋರು, ಡಯಾಲಿಸಿಸ್ ಮೇಲೆ ಇರೋರು, ಇವರಲ್ಲಿ ಕೊರತೆ ನಿಜವಾಗಿಯೂ ಇರತ್ತೆ, ಸರಿಪಡಿಸಿದ್ರೆ ಲಾಭನೂ ಇದೆ. ಬೆಳೆಯೋ ಮಿದುಳಿಗೂ ಇದು ಅನ್ವಯ ಆಗತ್ತೆ, ಹುಟ್ಟಿದ ಮೇಲೆ ಕೊರತೆಯಲ್ಲಿ ಬೆಳೆಸಿದ ಗಿನಿಪಿಗ್ ಮರಿಗಳಲ್ಲಿ ಜಾಗದ ನೆನಪು ಕೆಟ್ಟಿತ್ತು, ನೆನಪಿಗೆ ಮುಖ್ಯವಾದ ಹಿಪ್ಪೋಕ್ಯಾಂಪಸ್ ಅನ್ನೋ ಭಾಗದಲ್ಲಿ ನರಕೋಶಗಳೂ ಕಮ್ಮಿ ಇದ್ವು.

ಸಂಶೋಧನೆಯ ಗಮನ ಈಗ ಡೋಸ್‌ಗಿಂತ ಟ್ರಾನ್ಸ್‌ಪೋರ್ಟರ್ ಕಡೆಗೂ ಹೋಗ್ತಿದೆ. ಎಸ್‌ವಿಸಿಟಿ2 ಅರ್ಧಕ್ಕೆ ಇಳಿಸಿದ ಆಲ್ಝೈಮರ್ಸ್ ಮಾದರಿಯ ಇಲಿಗಳಲ್ಲಿ ಆಕ್ಸಿಡೇಶನ್ ಒತ್ತಡ ಬೇಗ ಶುರುವಾಯ್ತು, ಇನ್ನೊಂದು ಕಡೆ ಎಸ್‌ವಿಸಿಟಿ2 ಜಾಸ್ತಿ ಇರೋ ಹಾಗೆ ಮಾಡಿದ ಇಲಿಗಳ ಮಿದುಳಲ್ಲಿ ವಿಟಮಿನ್ ಸಿ ಮಟ್ಟನೂ ಏರ್ತು. ಬಾಗಿಲು ಜಾಸ್ತಿ ಮಾಡಿದ್ರೆ ಮಟ್ಟ ಏರತ್ತೆ ಅನ್ನೋದಕ್ಕೆ ಅಷ್ಟು ಸಾಕ್ಷಿ ಇದೆ, ಆದ್ರೆ ಮನುಷ್ಯರ ಮಿದುಳಲ್ಲಿ ಎಸ್‌ವಿಸಿಟಿ2 ಹೆಚ್ಚಿಸೋಕೆ ಅಂತ ಒಪ್ಪಿಗೆ ಪಡೆದ ಔಷಧಿ ಇವತ್ತಿಗೆ ಒಂದೂ ಇಲ್ಲ, ಅಂಥದ್ದು ನಮ್ಮ ಹತ್ರ ಇದೆ ಅಂತ ಯಾವ ಡಬ್ಬದ ಮೇಲಾದ್ರೂ ಬರೆದಿದ್ರೆ ಅದಕ್ಕೆ ದುಡ್ಡು ಕೊಡೋ ಅಗತ್ಯ ಇಲ್ಲ.